ಹಾಲು ಮುಚ್ಚಿಟ್ಟ ಅರ್ಧ ತಾಸು

ನನ್ನ ರೋಗ ಮೊದಲು ಗೊತ್ತಾದದ್ದು ನನಗಲ್ಲ, ಡಾಕ್ಟರಿಗೂ ಅಲ್ಲ, ನಮ್ಮತ್ತೆಯ ಕಿವಿಗೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಖಾನಾವಳಿ ಇದೆ. ಸೋಮವಾರ, ಗುರುವಾರ ಬಜಾರು. ಸುಗ್ಗಿಯಲ್ಲಿ ಬಳ್ಳಾರಿ, ರಾಯಚೂರು ಕಡೆಯಿಂದ ಚೀಲಗಳ ಮೇಲೆಯೇ ಕೂತು ಬಂದ ರೈತರು, ಹಮಾಲರು, ದಲಾಲಿ ಅಂಗಡಿಯ ಗುಮಾಸ್ತರು ಎಲ್ಲರೂ ಮಧ್ಯಾಹ್ನ ನಮ್ಮ ಪಡಸಾಲೆಗೆ ಬರುತ್ತಾರೆ. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ರೊಟ್ಟಿ ಬಡಿಯುವುದು ನನ್ನ ಕೆಲಸ. ಅತ್ತೆ ಗಂಗವ್ವ ಮುಂದೆ ಕೂತು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುತ್ತ, ಬಂದವರಿಗೆ ‘ಬರ್ರಿ, ಕುಂದ್ರಿ’ ಅನ್ನುತ್ತ, ಒಂದು ಕಿವಿಯನ್ನು ಸದಾ ಅಡುಗೆಮನೆಯ ಕಡೆಗೇ ಇಟ್ಟಿರುತ್ತಿದ್ದರು. ರೊಟ್ಟಿಯ ಸಪ್ಪಳ ಕೇಳಿಯೇ ಅದು ದಪ್ಪವಾಯಿತೋ ತೆಳ್ಳಗಾಯಿತೋ ಹೇಳುವ ಹೆಂಗಸು ಅವರು. ಹೊಸ ಸೊಸೆಯಾಗಿದ್ದಾಗ ಆ ಕಿವಿಗೆ ನಾನು ಎಷ್ಟು ಶಾಪ ಹಾಕಿದ್ದೇನೋ ಲೆಕ್ಕವಿಲ್ಲ.

ಇಸವಿ ಎರಡು ಸಾವಿರ ದಾಟಿ ನಾಲ್ಕೈದು ವರ್ಷವಾಗಿತ್ತು. ನನಗೆ ನಲವತ್ತೇಳು. ಬಜಾರು ಜೋರಾಗಿದ್ದ ಒಂದು ಗುರುವಾರ ಅತ್ತೆ ಹಿಂಡಿ ಕುಟ್ಟುವುದನ್ನು ನಿಲ್ಲಿಸಿ ಒಳಗೆ ಬಂದು ನಿಂತರು.

‘ನೀಲಾ, ಬಡಿಯೂ ಕೈ ಯಾಕ ತಪ್ಪಾಕತ್ತೈತಿ? ನಡನಡುವ ನಿಂತು ನಿಂತು ಬಡ್ಯಾಕತ್ತೀ.’

‘ಏನಿಲ್ರಿ ಅತ್ತಿ, ಭುಜಾ ಹಿಡದೈತಿ’ ಅಂದೆ. ಸುಳ್ಳಲ್ಲ, ಭುಜ ಹಿಡಿದಿತ್ತು. ಆದರೆ ಅಷ್ಟೇ ಇರಲಿಲ್ಲ. ಬಲಗಾಲಿನ ಚಪ್ಪಲಿ ದಾರಿಯಲ್ಲಿ ಕಳಚಿಬಿದ್ದರೂ ಗೊತ್ತಾಗದೆ ಹತ್ತು ಹೆಜ್ಜೆ ಬರಿಗಾಲಲ್ಲಿ ನಡೆದಿರುತ್ತಿದ್ದೆ. ಒಗ್ಗರಣೆ ಸೀದು ಕಪ್ಪಾದರೂ ವಾಸನೆ ಬರುತ್ತಿರಲಿಲ್ಲ. ಇಡೀ ಊರು ಮೆಣಸಿನಕಾಯಿಯ ವಾಸನೆಯಲ್ಲಿ ಮುಳುಗಿರುವ ಬ್ಯಾಡಗಿಯಲ್ಲಿ ವಾಸನೆ ಇಲ್ಲದವಳಾಗಿ ಬದುಕುವುದೆಂದರೆ ಏನು ಅಂತ ಈ ಊರಿನವರಿಗೇ ಗೊತ್ತು. ಎಲ್ಲಕ್ಕಿಂತ ವಿಚಿತ್ರವಾದದ್ದು ನನ್ನ ಮುಖ. ಉಣ್ಣಲು ಬಂದ ಹಳೆಯ ಗಿರಾಕಿಗಳು ‘ಅಕ್ಕಾರ, ನಮ್ಮ ಮ್ಯಾಲೆ ಸಿಟ್ಟೇನ್ರಿ?’ ಅಂತ ಕೇಳತೊಡಗಿದರು. ನನ್ನ ಪ್ರಕಾರ ನಾನು ನಗುತ್ತಿದ್ದೆ. ಆ ನಗು ಹೊರಗೆ ಬರುತ್ತಿರಲಿಲ್ಲ.

ವಾಯು ಅಂತ ಎಣ್ಣೆ ತಿಕ್ಕಿಸಿಕೊಂಡೆ. ಉಳುಕು ಅಂತ ಒಬ್ಬರ ಕೈಯಲ್ಲಿ ಜಗ್ಗಿಸಿಕೊಂಡೆ. ಬಲಗೈ ಸುಮ್ಮನೆ ತೊಡೆಯ ಮೇಲಿದ್ದಾಗ ಬೆರಳುಗಳು ತಾವೇ ಆಡತೊಡಗಿದ ಮೇಲೆ ನಮ್ಮ ಊರಿನ ಡಾಕ್ಟರು, ಇದು ತಮ್ಮ ಕೈಯಳತೆಯದಲ್ಲ ಎಂದು ರಾಣೆಬೆನ್ನೂರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿನ ಒಂದು ನರ್ಸಿಂಗ್ ಹೋಮಿಗೆ ದಾವಣಗೆರೆಯಿಂದ ನರರೋಗದ ಡಾಕ್ಟರು ಎರಡು ವಾರಕ್ಕೊಮ್ಮೆ ಭಾನುವಾರ ಬರುತ್ತಿದ್ದರು.

ಆ ನರ್ಸಿಂಗ್ ಹೋಮಿನ ಕಾಯುವ ಕೋಣೆ ಈಗ ನನಗೆ ತವರುಮನೆಯಷ್ಟು ಪರಿಚಯ. ಮೊದಲ ದಿನ ಮಾತ್ರ ಹೆದರಿಕೆಯಿಂದ ಕಣ್ಣು ಎತ್ತಿ ನೋಡಲೂ ಆಗಲಿಲ್ಲ. ಎದುರಿನ ಬೆಂಚಿನ ಮೇಲೆ ಕೂತವರೆಲ್ಲರ ಕೈಗಳೂ ನಡುಗುತ್ತಿದ್ದವು. ರೋಗದಲ್ಲಿ ನನಗಿಂತ ಮುಂದೆ ಹೋದವರನ್ನು ನೋಡಿದರೆ ನನ್ನ ಮುಂದಿನ ದಿನಗಳನ್ನು ಸಾಲಾಗಿ ಕೂರಿಸಿದಂತಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಹಾವೇರಿ ಕೋರ್ಟಿನಲ್ಲಿ ಪಕ್ಷಗಾರರ ಹೆಸರು ಕೂಗುವ ಕೆಲಸ ಮಾಡಿ ನಿವೃತ್ತರಾದವರು. ಮೂವತ್ತು ವರ್ಷ ಕೋರ್ಟಿನ ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ ಮನುಷ್ಯನ ಧ್ವನಿ ಈಗ ಕಿವಿ ಹತ್ತಿರ ತಂದರೆ ಮಾತ್ರ ಕೇಳುತ್ತಿತ್ತು.

‘ಹೆದರಬ್ಯಾಡವಾ ತಂಗಿ’ ಎಂದು ಅವರು ಪಿಸುಗುಟ್ಟಿದರು. ‘ಈ ಕೋರ್ಟಿನ್ಯಾಗ ಗಲ್ಲು ಶಿಕ್ಷಾ ಇಲ್ಲ. ಬರೇ ತಾರೀಖು ಕೊಡತಾರ.’

ಡಾಕ್ಟರು ಬೆರಳು ಬಡಿಯಲು ಹೇಳಿದರು, ನಡೆಸಿದರು, ತಿರುಗಿಸಿದರು, ಮಣಿಕಟ್ಟು ಹಿಡಿದು ಆಡಿಸಿದರು. ಆಮೇಲೆ ಪಾರ್ಕಿನ್‌ಸನ್ ಎಂಬ ಹೆಸರು ಹೇಳಿದರು. ನನಗೆ ಹೆಸರಿಗಿಂತ ಅವರ ಮುಂದಿನ ಮಾತು ನೆನಪಿದೆ.

‘ನೋಡಮ್ಮ, ಇದಕ್ಕೆ ಲೆವೊಡೋಪಾ ಅಂತ ಒಂದು ಔಷಧ ಇದೆ. ಅದರ ಗುಳಿಗೆ ಕೊಡ್ತೀನಿ. ಕಡಿಮೆಯಿಂದ ಶುರು ಮಾಡಿ ಏರಿಸ್ಕೊಂಡು ಹೋಗಿ, ಎಂಟು ವಾರ ಬಿಟ್ಟು ಬನ್ನಿ. ಕೈ ಹಗುರ ಆದ್ರೆ ನಾವು ತಿಳಿದಿರೋ ರೋಗವೇ, ಅದರ ಜೊತೆ ವರ್ಷಗಟ್ಟಲೆ ಸಂಸಾರ ಮಾಡಬಹುದು. ಆಗಲಿಲ್ಲ ಅಂದ್ರೆ ಇದರ ಹಾಗೇ ಕಾಣೋ ಬೇರೆ ರೋಗಗಳಿವೆ. ಅವು ಔಷಧಕ್ಕೆ ಅಷ್ಟಾಗಿ ಬಗ್ಗೋದಿಲ್ಲ. ಆಗ ಬೆಂಗಳೂರಿಗೆ ಕಳಿಸ್ತೀನಿ.’

ಹೋಗುವಾಗ ಮತ್ತೊಂದು ಮಾತು ಹೇಳಿದರು: ‘ಹೊರಗೆ ಶಮಶಾದ್ ಸಿಸ್ಟರ್ ಇದ್ದಾರೆ. ಗುಳಿಗೆ ಹೇಗೆ ತಗೋಬೇಕು ಅಂತ ತಿಳಿಸಿ ಹೇಳ್ತಾರೆ. ಕೂತು ಕೇಳಿ ಹೋಗಿ.’

ನಾವು ಕೂರಲಿಲ್ಲ. ಬ್ಯಾಡಗಿಗೆ ನೇರ ಹೋಗುವ ಬಸ್ಸು ಹೊರಡುವ ಹೊತ್ತಾಗಿತ್ತು. ನಮ್ಮ ಮನೆಯವರು, ಬಸವರಾಜ ಅಂತ, ಒಳ್ಳೆಯ ಮನುಷ್ಯರು, ಆದರೆ ಬಸ್ಸು ಕಂಡರೆ ಬುದ್ಧಿ ಕಳೆದುಕೊಳ್ಳುತ್ತಾರೆ. ‘ಗುಳಗಿ ನುಂಗೂದಕ್ಕ ಸಾಲಿ ಕಲೀಬೇಕೇನು? ನಡಿ ನಡಿ’ ಅಂದರು. ನಾನೂ ನಡೆದೆ. ನೂರಾರು ಜನಕ್ಕೆ ಉಣ್ಣಿಸಿದ ಮನೆಯವರಿಗೆ ಬಾಯಿಗೆ ಒಂದು ಗುಳಿಗೆ ಹಾಕಿಕೊಳ್ಳುವುದನ್ನು ಯಾರು ಕಲಿಸಬೇಕು ಎಂಬ ಸೊಕ್ಕು ನನಗೂ ಇತ್ತು.

ಮನೆಗೆ ಬಂದ ಕೂಡಲೇ ಗುಳಿಗೆಯ ಡಬ್ಬಿ ಅತ್ತೆಯ ವಶಕ್ಕೆ ಹೋಯಿತು. ನಮ್ಮಲ್ಲಿ ಒಂದು ನಂಬಿಕೆ ಇದೆ, ಬಹುಶಃ ನಿಮ್ಮಲ್ಲೂ ಇದ್ದೀತು: ಇಂಗ್ಲಿಷ್ ಔಷಧ ಎಲ್ಲವೂ ಉಷ್ಣ. ಉಷ್ಣಕ್ಕೆ ಹಾಲು ತಂಪು. ಅದರ ಮೇಲೆ ಖಾನಾವಳಿಯ ಮನೆ. ನಮ್ಮ ಹೊಸ್ತಿಲು ದಾಟಿ ಒಳಗೆ ಬಂದದ್ದು ಏನೂ ಬರೀ ಹೊಟ್ಟೆಗೆ ಬೀಳಬಾರದು ಎಂಬುದು ಅತ್ತೆಯ ಶಾಸ್ತ್ರ. ಮೊದಲ ದಿನ ಗುಳಿಗೆ ನುಂಗಿ ಸ್ವಲ್ಪ ಹೊಟ್ಟೆ ತೊಳಸಿತು. ಮೂರನೆಯ ವಾರ ಮೂತ್ರದ ಬಣ್ಣ ಕೆಂಪಗಾದಂತೆ ಕಂಡಿತು. ಅತ್ತೆಗೆ ಮತ್ತೆ ಯಾವ ಪುರಾವೆಯೂ ಬೇಕಾಗಲಿಲ್ಲ.

‘ನೋಡಿದ್ಯಾ? ಗುಳಗಿ ಸುಡಾಕತ್ತೈತಿ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತ ಹಿರ್‍ಯಾರು ಸುಮ್ಮನ ಅಂದಾರೇನು?’

ವೈದ್ಯ ಹಾಗೇನೂ ಹೇಳಿರಲಿಲ್ಲ, ಆದರೆ ಅತ್ತೆಯ ಎದುರು ಅದನ್ನು ಹೇಳುವವರು ಯಾರು? ಹಿತ್ತಲಿನ ಎಮ್ಮೆಯ ಗಟ್ಟಿ ಹಾಲು, ದೊಡ್ಡ ಹಿತ್ತಾಳೆ ಲೋಟ ತುಂಬ, ಕೆನೆ ಸಮೇತ. ಮುಂಜಾನೆ ಗುಳಿಗೆ ಆ ಹಾಲಿನ ಜೊತೆಗೆ. ಮಧ್ಯಾಹ್ನ ಕಾಳುಪಲ್ಯ, ಮೊಸರು ಉಂಡೆದ್ದ ಕೂಡಲೇ. ಸಂಜೆ ಮತ್ತೆ ಹಾಲು, ಜೊತೆಗೆ ಶೇಂಗಾ ಉಂಡೆ. ಹೊತ್ತು ತಪ್ಪುತ್ತಿರಲಿಲ್ಲ. ಎಪ್ಪತ್ತು ದಾಟಿದ ಜೀವ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೊನೆಯ ಹನಿ ಇಳಿಯುವ ತನಕ ನನ್ನ ಗಂಟಲನ್ನೇ ನೋಡುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಆ ಹಾಲು ಬೇಕಾಗಿತ್ತು. ಹಸಿವೆಗಲ್ಲ, ಹೆದರಿಕೆಗೆ. ಅಷ್ಟು ಹೊತ್ತು ಯಾರೋ ನನ್ನನ್ನು ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು.

ಆರು ವಾರ ಕಳೆಯಿತು. ಗುಳಿಗೆ ಪೂರ್ತಿ ಪ್ರಮಾಣಕ್ಕೆ ಏರಿತ್ತು. ಕೈ ಮಾತ್ರ ಹಾಗೇ ಇತ್ತು. ಕೆಲವು ದಿನ ಒಂಚೂರು ಸಡಿಲವಾದಂತೆ ಅನ್ನಿಸಿ, ಅದನ್ನು ಹೇಳಬೇಕೆನ್ನುವಷ್ಟರಲ್ಲಿ ಮತ್ತೆ ಬಿಗಿದುಕೊಳ್ಳುತ್ತಿತ್ತು. ರೊಟ್ಟಿ ಬಡಿಯಲು ಫಕ್ಕೀರವ್ವ ಎಂಬ ಹೆಂಗಸನ್ನು ಇಟ್ಟುಕೊಂಡೆವು. ನಾನು ಮೂಲೆಯಲ್ಲಿ ಕೂತು ಎಡಗೈಯಿಂದ ಈರುಳ್ಳಿ ಸುಲಿಯುತ್ತ, ನನ್ನ ಒಲೆಯ ಮುಂದೆ ಬೇರೆಯವಳ ಕೈ ಸಪ್ಪಳ ಕೇಳುತ್ತಿದ್ದೆ. ಫಕ್ಕೀರವ್ವ ಬಡಿದ ಒಂದೊಂದು ರೊಟ್ಟಿಯೂ ಡಾಕ್ಟರು ಹೇಳಿದ ಆ ಬೇರೆ ರೋಗದ ಕಡೆಗೆ ನನ್ನನ್ನು ನೂಕಿದ ಹಾಗೆ ಅನ್ನಿಸುತ್ತಿತ್ತು. ಮನೆಯವರು ಬೆಂಗಳೂರಿನ ರೈಲಿನ ವೇಳೆ ವಿಚಾರಿಸಲು ಯಾರಿಗೂ ಹೇಳದೆ ಸ್ಟೇಷನ್ನಿಗೆ ಹೋಗಿ ಬಂದದ್ದು ನನಗೆ ತಿಳಿಯಿತು. ತಿಳಿದಿದೆ ಅಂತ ನಾನು ಹೇಳಲಿಲ್ಲ.

ಅಷ್ಟರಲ್ಲಿ ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಒಂದು ದಿನದ ಹಬ್ಬವಲ್ಲ. ಮೊದಲು ರೊಟ್ಟಿ ಹಬ್ಬ: ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ನಾಲ್ಕಾರು ಪಲ್ಯ, ಹಿಂಡಿ ಎಲ್ಲ ಸೇರಿಸಿ ಓಣಿಯ ಮನೆಮನೆಗೆ ಬೀರುತ್ತೇವೆ, ಅವರೂ ನಮಗೆ ತಂದುಕೊಡುತ್ತಾರೆ. ಆ ದಿನ ನನ್ನ ರೊಟ್ಟಿಗೆ ಓಣಿಯಲ್ಲಿ ಹೆಸರಿತ್ತು. ಆ ವರ್ಷ ಫಕ್ಕೀರವ್ವನ ರೊಟ್ಟಿಯನ್ನೇ ಬೀರಿದೆವು. ತೆಗೆದುಕೊಂಡವರು ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನಗೆ ಹೆಚ್ಚು ನೋವು ಕೊಟ್ಟಿತು.

ಮರುದಿನ ನಾಗಚೌತಿ, ಹೆಂಗಸರ ಉಪವಾಸ. ಹುತ್ತಕ್ಕೆ ಹಾಲೆರೆಯುವ ತನಕ ಮನೆಯಲ್ಲಿ ಹಾಲು ಮುಟ್ಟುವಂತಿಲ್ಲ. ನಾಗಪ್ಪನಿಗಿಂತ ಮೊದಲು ಕುಡಿದರೆ ಎಂಜಲಾಗುತ್ತದೆ. ಮುಂಜಾನೆ ಏಳಕ್ಕೆ ಅತ್ತೆ ಗುಳಿಗೆ ಹಿಡಿದುಕೊಂಡು ಇಕ್ಕಟ್ಟಿಗೆ ಸಿಕ್ಕಿದರು. ಗುಳಿಗೆ ತಪ್ಪಿಸುವಂತಿಲ್ಲ ಅಂತ ಡಾಕ್ಟರು ಹೇಳಿದ್ದರು, ಹಾಲು ಕೊಡುವಂತಿಲ್ಲ ಅಂತ ನಾಗಪ್ಪ. ಕೊನೆಗೆ ‘ಯಪ್ಪಾ, ತಪ್ಪಾತು, ನೀನ ಕಾಯಿ’ ಎಂದು ಕೈ ಮುಗಿದು ನೀರಿನ ಲೋಟ ಕೊಟ್ಟರು. ಬರೀ ನೀರಿನಲ್ಲಿ ನುಂಗಿದೆ.

ಹುತ್ತಕ್ಕೆ ಹೋದಾಗ ಎಂಟು ಗಂಟೆ ಇರಬಹುದು. ಹಾಲೆರೆಯುವಾಗ ನಮ್ಮಲ್ಲಿ ಒಬ್ಬೊಬ್ಬರ ಹೆಸರು ಹೇಳಿ ಅವರ ಪಾಲು ಎರೆಯುವ ಪದ್ಧತಿ. ಅತ್ತೆ ಶುರು ಮಾಡಿದರು: ‘ದೇವರ ಪಾಲು, ಗುರುವಿನ ಪಾಲು, ಸತ್ತ ಹಿರ್‍ಯಾರ ಪಾಲು, ಮಗನ ಪಾಲು.’ ಆಮೇಲೆ ಧ್ವನಿ ಏರಿಸಿ, ನಾಗಪ್ಪನಿಗೆ ಕಿವುಡೇನೋ ಎಂಬಂತೆ, ‘ನನ್ನ ಸೊಸಿ ಪಾಲು!’ ಎಂದು ಅರ್ಧ ತಂಬಿಗೆ ಸುರಿದರು. ನನ್ನ ಸರದಿ ಬಂತು. ತಂಬಿಗೆ ಎತ್ತಿದೆ. ಹಾಲು ನೂಲಿನ ಎಳೆಯ ಹಾಗೆ ನೇರವಾಗಿ ಇಳಿಯಿತು. ಕೈ ನಡುಗಲಿಲ್ಲ. ಬೆರಳು ಬಿಚ್ಚಿದೆ, ಮಡಚಿದೆ. ಯಾರೋ ಕಟ್ಟು ಬಿಚ್ಚಿದ ಹಾಗಿತ್ತು. ಅಲ್ಲಿಯೇ ಕೂತು ಅತ್ತುಬಿಟ್ಟೆ. ಸುತ್ತಲಿದ್ದ ಹೆಂಗಸರು ನಾಗಪ್ಪ ಒಲಿದ ಅಂದರು. ಅತ್ತೆ ಮುಂದಿನ ವರ್ಷಕ್ಕೆ ಬೆಳ್ಳಿಯ ನಾಗರ ಹರಕೆ ಹೊತ್ತರು.

ಹತ್ತು, ಹತ್ತೂವರೆ ತನಕ ನಾನು ಮೊದಲಿನ ನೀಲಾ. ಎಳ್ಳುಂಡೆ ಕಟ್ಟಿದೆ, ಜೋಕಾಲಿ ಹಗ್ಗ ಹಿಡಿದು ಜೀಕಿದೆ. ಮಧ್ಯಾಹ್ನದ ಗುಳಿಗೆಯನ್ನೂ ಸಂಜೆಯದನ್ನೂ ಪ್ರಸಾದದ ಹಾಲಿನ ಜೊತೆ ತೆಗೆದುಕೊಂಡೆ. ಕೈ ಮತ್ತೆ ಕಟ್ಟಿಕೊಂಡಿತು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ.

‘ನಾಗಪ್ಪ ಒಂದ ದಿನಕ್ಕ ಯಾಕ ಕೊಟ್ಟು ಕಸಗೊಂಡಾ?’ ಎಂದು ಅತ್ತೆ ನನ್ನನ್ನು ಕೇಳಿದರು, ನಾನು ನಾಗಪ್ಪನ ಗುಮಾಸ್ತಳೇನೋ ಎಂಬಂತೆ. ಕೊಟ್ಟು ಕಸಿದುಕೊಳ್ಳುವುದಕ್ಕಿಂತ ಕೊಡದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಆ ವಾರವೆಲ್ಲ ಅಂದುಕೊಂಡೆ.

ಎಂಟು ವಾರ ತುಂಬಿದ ಭಾನುವಾರ ರಾಣೆಬೆನ್ನೂರಿಗೆ ಹೊರಟಾಗ ಅತ್ತೆಯೂ ಬರುತ್ತೇನೆಂದು ಹಟ ಹಿಡಿದರು. ಮಧ್ಯಾಹ್ನದ ಗುಳಿಗೆ ಅಲ್ಲೇ ಆಗಬೇಕಲ್ಲ, ಅದಕ್ಕೆ ತಮ್ಮ ಚೀಲ ಕಟ್ಟಿಕೊಂಡರು. ಡಾಕ್ಟರು ಬರುವುದು ತಡವಿತ್ತು. ಹಾವೇರಿಯ ಹಿರಿಯರೂ ಬಂದಿದ್ದರು. ಶಮಶಾದ್ ಸಿಸ್ಟರ್ ನಮ್ಮೆಲ್ಲರನ್ನೂ ಬೆಂಚುಗಳ ಮೇಲೆ ಎದುರುಬದುರು ಕೂರಿಸಿದರು. ಮೂವತ್ತೈದರ ಹೆಣ್ಣುಮಗಳು, ರಾಣೆಬೆನ್ನೂರಿನವರೇ. ಮಾತಿನಲ್ಲಿ ಬಿರುಸು, ಕಣ್ಣಲ್ಲಿ ನಗು. ಈ ಸಲ ನಮಗೆ ಬಸ್ಸಿನ ನೆಪ ಇರಲಿಲ್ಲ.

‘ನಾ ಭಾಷಣಾ ಮಾಡಂಗಿಲ್ಲ’ ಅಂದರು ಅವರು. ‘ಯಾರರ ಒಬ್ಬರು ಮನ್ಯಾಗ ಗುಳಗಿ ಹೆಂಗ ತಗೋತೀರಿ ಅದನ್ನ ಮಾಡಿ ತೋರಸ್ರಿ. ಹೇಳೂದಲ್ಲ, ಮಾಡೂದು.’

ನಾನು ಏಳುವ ಮೊದಲೇ ಅತ್ತೆ ಎದ್ದರು. ಇಂಥ ಅವಕಾಶಕ್ಕಾಗಿಯೇ ಅವರು ಎಂಟು ವಾರ ಕಾದಂತಿತ್ತು. ಚೀಲದಿಂದ ಥರ್ಮಾಸು ತೆಗೆದರು. ಹಿತ್ತಾಳೆಯ ಲೋಟ ತೆಗೆದರು, ಅದನ್ನು ಸೆರಗಿನಿಂದ ಒರೆಸಿದರು. ಹಾಲು ಸುರಿದರು, ಆ ಕೋಣೆಗೆಲ್ಲ ಅದರ ವಾಸನೆ ಹರಡಿತೆಂದು ಆಮೇಲೆ ಮನೆಯವರು ಹೇಳಿದರು. ಡಬ್ಬಿಯಲ್ಲಿ ಪಂಚಮಿಯ ಶೇಂಗಾ ಉಂಡೆ ಇತ್ತು. ಎಲ್ಲ ಸಾಲಾಗಿ ಇಟ್ಟು, ಕೊನೆಗೆ ಗುಳಿಗೆಯನ್ನು ಅಂಗೈ ಮೇಲೆ ಹಿಡಿದು, ‘ಹಿಂಗ ಕೊಡತೀನ್ರಿ ನನ್ನ ಸೊಸಿಗೆ. ಒಂದ ದಿನಾನೂ ತಪ್ಪಿಸಿಲ್ಲ’ ಅಂದರು. ಪರೀಕ್ಷೆಯಲ್ಲಿ ಮೊದಲ ನಂಬರು ಬಂದ ಹುಡುಗಿಯ ಹಾಗೆ ನಿಂತಿದ್ದರು.

ಶಮಶಾದ್ ನಗಲಿಲ್ಲ. ಲೋಟವನ್ನು, ಉಂಡೆಯನ್ನು, ಅತ್ತೆಯ ಮುಖವನ್ನು ನೋಡಿ, ನನ್ನ ಕಡೆ ತಿರುಗಿದರು.

‘ಅಕ್ಕಾರ, ಈ ಎಂಟು ವಾರದಾಗ ಒಂದ ದಿನರ ಕೈ ಪೂರಾ ಹಗರ ಆಗಿತ್ತೇನ್ರಿ?’

‘ಒಂದ ದಿನ ಆಗಿತ್ರಿ. ನಾಗಚೌತಿ ದಿನ.’

‘ಅವತ್ತ ಮುಂಜಾನೆ ಏನು ತಿಂದಿದ್ರಿ?’

‘ಏನಿಲ್ರಿ. ಉಪಾಸ.’

‘ಮತ್ತ ಗುಳಗಿ?’

‘ಬರೇ ನೀರಾಗ.’

ಹಾವೇರಿಯ ಹಿರಿಯರು ತಮ್ಮ ಪಿಸುಧ್ವನಿಯಲ್ಲಿ, ‘ಸಾಕ್ಷಿ ಸಿಕ್ಕಿತು ನೋಡ್ರಿ’ ಅಂದರು.

ಶಮಶಾದ್ ಅತ್ತೆಯ ಕೈ ಹಿಡಿದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ‘ಆಯಿ, ಇಷ್ಟು ಪ್ರೀತಿಲೆ ಗುಳಗಿ ಕೊಡೂ ಅತ್ತೀನ ನಾ ಇಲ್ಲಿ ಇನ್ನೊಬ್ಬರನ್ನ ಕಂಡಿಲ್ಲ. ಆದ್ರ ಒಂದ ಮಾತು ಕೇಳ್ರಿ. ನಿಮ್ಮ ಖಾನಾವಳಿ ಬಾಗಲಾ ಸಣ್ಣದು ಅಂತ ತಿಳಕೋರಿ. ಹಾಲು, ಮೊಸರು, ಕಾಳು, ಶೇಂಗಾ, ಎಲ್ಲಾ ಒಮ್ಮಿಗೇ ನುಗ್ಗಿದ್ರ ಪಾಪ ಈ ಗುಳಗಿ ಹೊರಗ ನಿಂದ್ರತೈತಿ. ಎಲ್ಲಾರಿಗೂ ಹಿಂಗ ಆಗತೈತಿ ಅಂತಲ್ಲ, ಕೆಲವರಿಗೆ ಆಗತೈತಿ. ಹಾಲು ಬಿಡಸಬ್ಯಾಡ್ರಿ, ಹೊತ್ತು ಬ್ಯಾರೆ ಮಾಡ್ರಿ. ಮೊದಲ ಗುಳಗಿ, ಬರೇ ನೀರಾಗ. ಅರ್ಧ ತಾಸು ಬಿಟ್ಟು ಹಾಲು, ಊಟಾ. ಉಂಡ ಮ್ಯಾಲೆ ಆದ್ರ ಎರಡು ತಾಸು ತಡೀರಿ.’

‘ಹೊಟ್ಟಿ ತೊಳಸಿದ್ರ?’ ಎಂದು ಅತ್ತೆ ಕೇಳಿದರು. ಧ್ವನಿ ಸಣ್ಣದಾಗಿತ್ತು.

‘ಒಂದು ಹಿಡಿ ಚುರಮುರಿ ಕೊಡ್ರಿ, ಇಲ್ಲಾ ಒಂದು ತುಣುಕು ಒಣರೊಟ್ಟಿ. ಅಷ್ಟ.’

‘ಮತ್ತ ಆ ಕೆಂಪು ಬಣ್ಣಾ? ಉಷ್ಣ ಅಲ್ಲೇನು?’

‘ಅದು ಔಷಧದ ಬಣ್ಣರಿ ಆಯಿ. ಹೆದರಬ್ಯಾಡ್ರಿ. ಹೆದರಿದ್ರ ನನ್ನ ಕೇಳ್ರಿ, ತಾವ ಗುಳಗಿ ಬಿಡಬ್ಯಾಡ್ರಿ, ತಾವ ಹೆಚ್ಚಗಿ ಮಾಡಬ್ಯಾಡ್ರಿ.’

ಡಾಕ್ಟರು ಬಂದು ಎಲ್ಲ ಕೇಳಿದರು. ಗುಳಿಗೆ ಬದಲಿಸಲಿಲ್ಲ, ಏರಿಸಲೂ ಇಲ್ಲ. ‘ಇದೇ ಗುಳಿಗೆ, ಸಿಸ್ಟರ್ ಹೇಳಿದ ಹಾಗೆ ತಗೊಳ್ಳಿ. ಎರಡು ವಾರ ಬಿಟ್ಟು ಬನ್ನಿ. ಬೆಂಗಳೂರಿನ ಮಾತು ಆಮೇಲೆ.’

ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಥರ್ಮಾಸು ಮಡಿಲಲ್ಲಿತ್ತು. ಮೋಟೆಬೆನ್ನೂರಿನಲ್ಲಿ ಬಸ್ಸು ಹೆದ್ದಾರಿ ಬಿಟ್ಟು ನಮ್ಮ ಊರಿನ ಕಡೆ ತಿರುಗಿದಾಗ ಒಮ್ಮೆಲೇ ಅಂದರು:

‘ಎಂಟು ವಾರ ನಾನ ನಿನ್ನ ಕೈ ಕಟ್ಟಿ ಕುಂದ್ರಿಸಿದ್ನಲ್ಲ ಯವ್ವಾ.’

ನಗಬೇಕು ಅನ್ನಿಸಿತು, ಅವರಿಗೆ ಸಮಾಧಾನವಾಗುವಂಥ ಮುಖ ಮಾಡಬೇಕು ಅನ್ನಿಸಿತು. ನನ್ನ ಮುಖ ಆಗ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಆದ್ದರಿಂದ ನಡುಗುವ ಕೈಯಿಂದಲೇ ಅವರ ಕೈ ಹಿಡಿದೆ. ‘ಅತ್ತಿ, ಈ ರೋಗ ನಿಮ್ಮ ಹಾಲಿನಿಂದ ಬಂದಿದ್ದಲ್ರಿ. ನಿಮ್ಮ ಹಾಲಿಲ್ದಿದ್ರ ನಾ ಎಂದೋ ಗುಳಗಿ ಒಗದು ಬಿಡತಿದ್ದೆ’ ಅಂದೆ. ಅದು ನಿಜವಾಗಿತ್ತು. ಮುಂದಿನ ಸೀಟಿನಲ್ಲಿದ್ದ ನಮ್ಮ ಮನೆಯವರು ತಿರುಗದೆಯೇ, ‘ತಪ್ಪು ನಂದು. ಅವತ್ತ ಬಸ್ಸಿಗೆ ಓಡಿದಾಂವ ನಾ’ ಅಂದರು. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಅವರು ತಪ್ಪು ಒಪ್ಪಿಕೊಂಡದ್ದು ನನಗೆ ನೆನಪಿರುವ ಮಟ್ಟಿಗೆ ಅದೊಂದೇ ಸಲ.

ಮರುದಿನದಿಂದ ಹೊಸ ಶಾಸ್ತ್ರ ಶುರುವಾಯಿತು. ಅತ್ತೆಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಮನೆಯಲ್ಲಿದ್ದ ಒಂದೇ ಮೊಬೈಲಿನಲ್ಲಿ ಗಂಟೆ ಬಾರಿಸುವ ಹಾಗೆ ಮಾಡಿಕೊಡುತ್ತೇನೆಂದು ಮನೆಯವರು ಅಂದರೆ, ‘ಅದನ್ನ ನೀ ಕಿಸೆದಾಗ ಇಟಗೊಂಡು ಪ್ಯಾಟಿಗೆ ಹೋಗ್ತಿ, ನನಗೇನು ಉಪಯೋಗ?’ ಎಂದು ಅತ್ತೆ ಬೈದರು. ಸ್ಟೂಲಿನ ಮೇಲೆ ಅದೇ ಮಗನನ್ನು ಹತ್ತಿಸಿ, ಗೋಡೆ ಗಡಿಯಾರದ ಗಾಜಿನ ಮೇಲೆ ಆರರ ಅಂಕಿಗೆ ಸರಿಯಾಗಿ ಕುಂಕುಮದ ಬೊಟ್ಟು ಇಡಿಸಿದರು. ಏಳಕ್ಕೆ ಗುಳಿಗೆ, ಬರೀ ನೀರು. ಹಾಲಿನ ಲೋಟದ ಮೇಲೆ ತಾಟು ಮುಚ್ಚಿ ಎದುರಿಗೆ ಇಟ್ಟುಕೊಂಡು, ದೊಡ್ಡ ಮುಳ್ಳು ಬೊಟ್ಟಿಗೆ ಮುಟ್ಟುವ ತನಕ ಕೂತಿರುವುದು. ಉಣ್ಣಿಸಿಯೇ ಬದುಕಿದ ಹೆಂಗಸಿಗೆ ಉಣ್ಣಿಸದೆ ಕೂರುವುದು ಎಷ್ಟು ಕಷ್ಟ ಅಂತ ನಾನು ದಿನಾ ಮೂರು ಹೊತ್ತು ಕಣ್ಣಾರೆ ಕಂಡೆ. ಕೈ ತಾಟಿನ ಕಡೆ ಹೋಗುತ್ತಿತ್ತು, ಮತ್ತೆ ಹಿಂದೆ ಬರುತ್ತಿತ್ತು. ಒಮ್ಮೆ ಮುಳ್ಳಿಗೇ ‘ಲಗೂ ನಡಿ, ಹಾಲು ಆರಾಕತ್ತಾವು’ ಎಂದು ಗದರಿಸಿದರು.

ಎರಡನೆಯ ವಾರದ ಗುರುವಾರ, ಬಜಾರಿನ ದಿನ. ಮುಂದೆ ಗಿರಾಕಿಗಳು ತುಂಬಿದ್ದರು. ಊಟಕ್ಕಿಂತ ಮೊದಲಾಗಲೆಂದು ಹನ್ನೊಂದಕ್ಕೆ ಸರಿಸಿದ್ದ ಮಧ್ಯಾಹ್ನದ ಗುಳಿಗೆ ನುಂಗಿ ಮುಕ್ಕಾಲು ತಾಸಾಗಿತ್ತು. ಚೌತಿಯ ದಿನದ ಹಾಗೆ ಬೆರಳಿನ ಕಟ್ಟು ಬಿಚ್ಚಿತ್ತು, ಅದೂ ಸತತ ನಾಲ್ಕನೆಯ ದಿನ. ಫಕ್ಕೀರವ್ವನಿಗೆ ‘ಸ್ವಲ್ಪ ಸರಿ’ ಅಂದೆ. ಹಿಟ್ಟು ನಾದಿ ಮುದ್ದೆ ಮಾಡಿ ಬಡಿಯತೊಡಗಿದೆ. ಮೊದಲ ರೊಟ್ಟಿ ಒಂದು ಬದಿ ಹರಿಯಿತು. ಎರಡನೆಯದು ದುಂಡಗಾಯಿತು. ಮೂರನೆಯದಕ್ಕೆ ಕೈ ತನ್ನ ಹಳೆಯ ಓಟ ಹಿಡಿಯಿತು. ಆಗ ಪಡಸಾಲೆಯಲ್ಲಿ ಹಿಂಡಿ ಕುಟ್ಟುವ ಸಪ್ಪಳ ನಿಂತಿತು. ಉಣ್ಣುತ್ತಿದ್ದವರಿಗೆ ಅತ್ತೆ ಹೇಳುವುದು ಕೇಳಿಸಿತು:

‘ಸುಮ್ಮನಿರ್ರೆಪಾ ಒಂದೀಟು. ನೀಲಾನ ಕೈ ಅದು.’

ಅವತ್ತು ನಾನು ಹನ್ನೊಂದು ರೊಟ್ಟಿ ಬಡಿದೆ. ಅತ್ತೆ ಹನ್ನೊಂದನ್ನೂ ಗಿರಾಕಿಗಳಿಗೆ ಬಡಿಸಲು ಬಿಡದೆ ಒಂದನ್ನು ತೆಗೆದು ದೇವರ ಮುಂದೆ ಇಟ್ಟರು, ಇನ್ನೊಂದನ್ನು ಬಟ್ಟೆಯಲ್ಲಿ ಸುತ್ತಿ ಆ ಭಾನುವಾರ ರಾಣೆಬೆನ್ನೂರಿಗೆ ಒಯ್ದರು. ಡಾಕ್ಟರು ನನ್ನ ಮಣಿಕಟ್ಟು ಆಡಿಸಿ ನೋಡಿ, ‘ಬೆಂಗಳೂರು ಬೇಡ’ ಅಂದರು. ಅಷ್ಟೇ ಮಾತು. ಆ ಎರಡು ಪದ ಕೇಳಿ ನಮ್ಮ ಮನೆಯವರು ಹೊರಗೆ ಹೋಗಿ ತುಂಬ ಹೊತ್ತು ಮುಖ ತೊಳೆದುಕೊಂಡು ಬಂದರು. ರೊಟ್ಟಿ ಶಮಶಾದ್ ಅವರ ಪಾಲಿಗೆ ಹೋಯಿತು.

ಇದೆಲ್ಲ ಓದಿ ನಾನು ಗುಣವಾದೆ ಅಂತ ತಿಳಿಯಬೇಡಿ. ಈ ರೋಗ ಹೋಗುವ ನೆಂಟನಲ್ಲ. ಗುಳಿಗೆಯ ಪ್ರಮಾಣ ಆಮೇಲೆ ಎರಡು ಸಲ ಏರಿದೆ. ಗುಳಿಗೆಯ ಬಲ ಇಳಿಯುವ ಹೊತ್ತಿಗೆ ಕಾಲು ನೆಲಕ್ಕೆ ಅಂಟಿಕೊಂಡಂತಾಗುತ್ತದೆ. ವಾಸನೆ ಮರಳಿ ಬರಲಿಲ್ಲ. ಅದು ಗುಳಿಗೆಯಿಂದ ಬರುವಂಥದ್ದಲ್ಲ ಎಂದು ಶಮಶಾದ್ ಮುಚ್ಚುಮರೆಯಿಲ್ಲದೆ ಹೇಳಿದರು, ಅದಕ್ಕಾಗಿ ನಾನು ಅವರಿಗೆ ಋಣಿ. ಒಗ್ಗರಣೆ ಈಗ ಫಕ್ಕೀರವ್ವನದು, ರೊಟ್ಟಿ ನನ್ನದು, ಅದೂ ಕೈ ಹಗುರಾಗಿರುವ ಹೊತ್ತಿನಲ್ಲಿ ಮಾತ್ರ. ಈ ಬರಹವನ್ನೂ ಅಂಥ ಹೊತ್ತುಗಳನ್ನು ಆರಿಸಿಕೊಂಡು ಬರೆದಿದ್ದೇನೆ. ಅಕ್ಷರ ಸಾಲಿನ ಕೊನೆಗೆ ಹೋಗುತ್ತ ಇರುವೆಯಷ್ಟಾದರೆ ಪೆನ್ನು ಇಟ್ಟು ಎದ್ದುಬಿಡುತ್ತೇನೆ.

ಕಾಯುವ ಕೋಣೆಯಲ್ಲಿ ಈಗ ಅತ್ತೆಯೇ ಅರ್ಧ ಸಿಸ್ಟರ್. ಹೊಸಬರು ಡಬ್ಬಿ ಬಿಚ್ಚಿದರೆ ಸಾಕು, ಎದ್ದು ಹೋಗುತ್ತಾರೆ. ‘ಯವ್ವಾ, ಡಬ್ಬಿ ಮುಚ್ಚು. ಮೊದಲ ಆ ಹುಡಿಗಿನ ಕೇಳು. ನಾ ಕೇಳಲಾರದ ಎಂಟು ವಾರ ಕಳದೀನಿ.’ ಹಾವೇರಿಯ ಹಿರಿಯರು ಅವರಿಗೆ ‘ವಕೀಲರು’ ಅಂತ ಹೆಸರಿಟ್ಟಿದ್ದಾರೆ.

ಮುಂದಿನ ವರ್ಷದ ನಾಗಚೌತಿಗೆ ಬೆಳ್ಳಿಯ ನಾಗರ ಹರಕೆ ತೀರಿಸಲು ಹೋದೆವು. ಹರಕೆ ಯಾಕೆ, ಗುಣ ಕೊಟ್ಟದ್ದು ನೀರಲ್ಲವೇ ಎಂದು ಮನೆಯವರು ಕೆಣಕಿದರೆ, ‘ಆ ದಿನ ನಿನ್ನ ಅವ್ವನ ಕೈಯಾಗಿನ ಹಾಲು ಕಸಗೊಂಡಾಂವ ಯಾರು? ನಾಗಪ್ಪನ!’ ಎಂದು ಅತ್ತೆ ಬಾಯಿ ಮುಚ್ಚಿಸಿದರು.

ಹುತ್ತದ ಮುಂದೆ ಕೂತು ಅತ್ತೆ ಎರೆಯತೊಡಗಿದರು. ‘ದೇವರ ಪಾಲು, ಗುರುವಿನ ಪಾಲು, ಸತ್ತ ಹಿರ್‍ಯಾರ ಪಾಲು, ಮಗನ ಪಾಲು, ಸೊಸಿ ಪಾಲು.’ ಸ್ವಲ್ಪ ತಡೆದು, ಯಾರ ಮುಖವನ್ನೂ ನೋಡದೆ, ಇನ್ನೊಂದು ಧಾರೆ ಬಿಟ್ಟರು.

‘ನಮ್ಮ ಶಮಶಾದಳ ಪಾಲು.’

ಹುತ್ತ ಆ ಹಾಲನ್ನೂ ಉಳಿದದ್ದರ ಹಾಗೆಯೇ ಕುಡಿಯಿತು. ತಂಬಿಗೆಯ ತಳದಲ್ಲಿ ಪ್ರಸಾದದ ಹಾಲು ಉಳಿದಿತ್ತು. ಕೈ ಚಾಚಿದೆ. ಅತ್ತೆ ತಂಬಿಗೆಯನ್ನು ಹಿಂದಕ್ಕೆ ಎಳೆದುಕೊಂಡರು.

‘ಗುಳಗಿ ತಗೊಂಡು ಎಷ್ಟೊತ್ತಾತು?’

‘ಇಪ್ಪತ್ತು ನಿಮಿಷ ಆಗಿರಬೇಕ್ರಿ.’

‘ಹಂಗಾರ ಇನ್ನ ಹತ್ತು ನಿಮಿಷ ಕುಂದ್ರು’ ಎಂದು ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿ, ಕಟ್ಟೆಯ ಮೇಲೆ ತಮ್ಮ ಪಕ್ಕದಲ್ಲಿ ಜಾಗ ಮಾಡಿದರು. ನಾನು ಕೂತೆ.